ಆಲೂಗಡ್ಡೆಯ ಕಣ್ಣು, ಕುರಿಯ ಗುಂಡಿಗೆ

ನನ್ನ ಸೇವೆಯೆಲ್ಲ ಹಾಸನ ಜಿಲ್ಲೆಯಲ್ಲೇ ಕಳೆಯಿತು. ಮೊದಲು ಅರಕಲಗೂಡು ತಾಲ್ಲೂಕಿನ ಒಂದು ಸರ್ಕಾರಿ ಪ್ರೌಢಶಾಲೆ, ಆಮೇಲೆ ಹೊಳೆನರಸೀಪುರ, ಕೊನೆಗೆ ಚನ್ನರಾಯಪಟ್ಟಣ. ನಮ್ಮ ಇಲಾಖೆಯ ಮಾತಿನಲ್ಲಿ ಹೇಳುವುದಾದರೆ ನಾನು ಸಿಬಿಝಡ್ ಶಿಕ್ಷಕಿ. ಗಣಿತ, ಭೌತವಿಜ್ಞಾನ ಪಿಸಿಎಂನವರ ಪಾಲು. ಜೀವವಿಜ್ಞಾನ, ರಸಾಯನವಿಜ್ಞಾನ ನಮ್ಮ ಪಾಲು. ಮೂರೂ ಊರುಗಳಲ್ಲಿ ಪೋಷಕರ ಸಭೆ ಸೇರಿದಾಗಲೆಲ್ಲ ಒಂದು ಮಾತು ತಪ್ಪದೆ ಕೇಳಿಬರುತ್ತಿತ್ತು: “ಲೆಕ್ಕಕ್ಕೆ ತಲೆ ಬೇಕು ಮೇಡಂ, ಬಯಾಲಜಿಗೆ ಬಾಯಿಪಾಠ ಸಾಕು.” ಆ ಮಾತನ್ನು ನಾನು ಆಗಲೂ ಒಪ್ಪಲಿಲ್ಲ, ಈಗಲೂ ಒಪ್ಪುವುದಿಲ್ಲ. ಜೀವವಿಜ್ಞಾನದ ಪ್ರಶ್ನೆಗಳು ಮಕ್ಕಳ ನೆನಪನ್ನು ಪರೀಕ್ಷಿಸುವುದು ನಿಜ. ಅದಕ್ಕಿಂತ ಹೆಚ್ಚಾಗಿ ಅವು ಅವರ ಕಣ್ಣನ್ನು, ಕೈಯನ್ನು, ‘ಯಾಕೆ’ ಎಂದು ಕೇಳಿದಾಗ ಕಾರಣ ಕೊಡುವ ಬುದ್ಧಿಯನ್ನು ಪರೀಕ್ಷಿಸುತ್ತವೆ. ನಮ್ಮ ಕಡೆಯ ಮಕ್ಕಳಿಗೆ ಕಣ್ಣೂ ಕೈಯೂ ಹೊಲದಲ್ಲೇ ಪಳಗಿರುತ್ತವೆ. ಅಲ್ಲಿ ಕಂಡದ್ದನ್ನು ಉತ್ತರಪತ್ರಿಕೆಯವರೆಗೆ ತಂದು ಮುಟ್ಟಿಸುವುದು ಮಾತ್ರ ಯಾರಾದರೂ ಕಲಿಸಬೇಕಾದ ವಿದ್ಯೆ.

ಎಸ್ಸೆಸ್ಸೆಲ್ಸಿ ಪ್ರಶ್ನೆಪತ್ರಿಕೆಗೆ ಒಂದು ನೀಲನಕ್ಷೆ ಇರುತ್ತದೆ. ಯಾವ ಪಾಠಕ್ಕೆ ಎಷ್ಟು ಅಂಕ ಎಂಬುದಷ್ಟೇ ಅದರಲ್ಲಿರುವುದಿಲ್ಲ. ಸ್ಮರಣೆಗೆ ಎಷ್ಟು, ತಿಳಿವಳಿಕೆಗೆ ಎಷ್ಟು, ಅನ್ವಯಕ್ಕೆ ಎಷ್ಟು, ಕೌಶಲಕ್ಕೆ ಎಷ್ಟು ಎಂಬ ಹಂಚಿಕೆಯೂ ಇರುತ್ತದೆ. ಕಲಿಕೆಯನ್ನು ಹೀಗೆ ಮೆಟ್ಟಿಲು ಮೆಟ್ಟಿಲಾಗಿ ನೋಡುವ ಕ್ರಮ 1956ರಲ್ಲಿ ಅಮೆರಿಕದ ಬೆಂಜಮಿನ್ ಬ್ಲೂಮ್ ಮತ್ತು ಸಂಗಡಿಗರು ಹೊರತಂದ ಪುಸ್ತಕದಿಂದ ಪ್ರಪಂಚಕ್ಕೆಲ್ಲ ಹಬ್ಬಿತು. ಬಿ.ಇಡ್. ಮಾಡುವಾಗ ನಾವೆಲ್ಲ ಅದನ್ನು ಓದಿ, ಪಾಠಯೋಜನೆಯ ಪುಸ್ತಕದಲ್ಲಿ ಅಂಕಣ ಎಳೆದು ತುಂಬಿದವರೇ. ಆದರೆ ಆ ಅಂಕಣಗಳಿಗೆ ಜೀವ ಬಂದದ್ದು ತರಗತಿಯಲ್ಲಿ. ‘ಹೆಸರಿಸಿ’ ಎಂಬ ಪ್ರಶ್ನೆಗೂ ‘ಕಾರಣ ಕೊಡಿ’ ಎಂಬ ಪ್ರಶ್ನೆಗೂ ಬೇಕಾದ ತಯಾರಿ ಬೇರೆ ಬೇರೆ. ‘ವ್ಯತ್ಯಾಸ ತಿಳಿಸಿ’ ಎಂದಾಗ ಎರಡರ ವಿವರಣೆಯನ್ನೂ ಒಂದರ ಕೆಳಗೊಂದು ಬರೆದರೆ ಅದು ವ್ಯತ್ಯಾಸವಾಗುವುದಿಲ್ಲ. ಒಂದೇ ಗುಣವನ್ನು ಹಿಡಿದು ಎರಡರಲ್ಲೂ ಅದು ಹೇಗಿದೆ ಎಂದು ತೋರಿಸಬೇಕು. ‘ಏನಾಗಬಹುದು?’ ಎಂದು ಕೇಳಿದರೆ ಪುಸ್ತಕದಲ್ಲಿ ಇಲ್ಲದ ಸಂಗತಿಯನ್ನು, ಪುಸ್ತಕದಲ್ಲಿ ಇರುವ ನಿಯಮದಿಂದ ಕಟ್ಟಿ ಹೇಳಬೇಕು. ಇವೆಲ್ಲ ಒಂದೊಂದೂ ಬೇರೆ ಕೆಲಸ, ಒಂದೊಂದನ್ನೂ ಬೇರೆಯಾಗಿಯೇ ಅಭ್ಯಾಸ ಮಾಡಿಸಬೇಕು.

ಇದು ನನಗೆ ಚೆನ್ನಾಗಿ ಮನದಟ್ಟಾದದ್ದು ಅರಕಲಗೂಡಿನಲ್ಲಿ. ನಾನು ಕೆಲಸಕ್ಕೆ ಸೇರಿದ ಕಾಲಕ್ಕೆ ಆ ಕಡೆ ಆಲೂಗಡ್ಡೆಯೆಂದರೆ ಮನೆಮನೆಯ ಬೆಳೆ. ಪಂಜಾಬಿನ ಜಲಂಧರ್‌ನಿಂದ ಲಾರಿಗಳಲ್ಲಿ ಬಿತ್ತನೆ ಆಲೂಗಡ್ಡೆ ಹಾಸನದ ಎಪಿಎಂಸಿಗೆ ಬರುತ್ತಿತ್ತು. ರೈತರು ಮೂಟೆ ಹೊತ್ತು ಊರಿಗೆ ತಂದು, ಮುಂಗಾರಿನ ಮೊದಲ ಮಳೆಗಳಿಗೆ ಕಾಯುತ್ತಿದ್ದರು. ಶಾಲೆ ಶುರುವಾಗುವ ಹೊತ್ತಿಗೆ ಸರಿಯಾಗಿ ಬಿತ್ತನೆ. ಮೊದಲ ವಾರ ಅರ್ಧ ಬೆಂಚು ಖಾಲಿ. ಆಮೇಲೆ ಬಂದ ಮಕ್ಕಳ ಕೈ ನೋಡಿದರೆ ಗೆಡ್ಡೆ ಕುಯ್ದ ಕಲೆ ಬೆರಳಿನ ಸಂದಿಯಲ್ಲಿ ಇನ್ನೂ ಇರುತ್ತಿತ್ತು.

ಕಾಯಜ ಪ್ರಸರಣದ ಪಾಠ ಬಂದಾಗ ನಾನೊಂದು ಆಲೂಗಡ್ಡೆ, ಒಂದು ಗೆಣಸು ಮೇಜಿನ ಮೇಲಿಟ್ಟು ಕೇಳಿದೆ: “ಇವೆರಡೂ ಮಣ್ಣೊಳಗೆ ಬೆಳೆಯುತ್ತವೆ. ಎರಡೂ ಬೇರೇನಾ?” ತರಗತಿ ಹೂಂಗುಟ್ಟಿತು. ಹಿಂದಿನ ಬೆಂಚಿನ ಒಬ್ಬ ಹುಡುಗ ಮಾತ್ರ ಸುಮ್ಮನಿದ್ದ. ಬಿತ್ತನೆಗೆ ಗೆಡ್ಡೆ ಹೇಗೆ ಕುಯ್ಯುತ್ತೀರಿ ಎಂದು ಅವನನ್ನೇ ಕೇಳಿದೆ. ಎದ್ದು ಬಂದು ಆಲೂಗಡ್ಡೆಯನ್ನು ಕೈಗೆತ್ತಿಕೊಂಡು ತಿರುಗಿಸಿ ತಿರುಗಿಸಿ ನೋಡಿದ. “ಪ್ರತಿ ಚೂರಿಗೂ ಎರಡು ಮೂರು ಕಣ್ಣು ಬರಂಗೆ ಕುಯ್ಬೇಕು ಮಿಸ್. ಕಣ್ಣಿಲ್ದಿರೋ ಚೂರು ಹಾಕುದ್ರೆ ಮಣ್ಣಲ್ಲೇ ಕೊಳ್ತೋಗುತ್ತೆ.” ಗೆಣಸಿಗೆ? “ಅದಕ್ಕೆ ಗೆಡ್ಡೆ ನೆಡಲ್ಲ, ಬಳ್ಳಿ ತುಂಡು ನೆಡ್ತಾರೆ.” ಬಿಸಿಲಿಗೆ ಬಿದ್ದ ಆಲೂಗಡ್ಡೆ ಏನಾಗುತ್ತದೆ ಎಂದು ಕೇಳಿದೆ. “ಹಸ್ರಾಗುತ್ತೆ. ತಿನ್ನಲ್ಲ.”

ಒಂದು ಪೂರ್ತಿ ಉತ್ತರಕ್ಕೆ ಬೇಕಾದದ್ದೆಲ್ಲ ಆ ಮೂರು ಮಾತಿನಲ್ಲಿತ್ತು. ಕಣ್ಣೆಂದರೆ ಮೊಗ್ಗು, ಮೊಗ್ಗು ಇರುವುದು ಕಾಂಡದ ಗೆಣ್ಣಿನಲ್ಲಿ, ಹಸಿರಾಗುವುದೆಂದರೆ ಬೆಳಕಿಗೆ ಪತ್ರಹರಿತ್ತು ಹುಟ್ಟುವುದು. ಆದ್ದರಿಂದ ಆಲೂಗಡ್ಡೆ ಮಣ್ಣೊಳಗಿದ್ದರೂ ಕಾಂಡ, ಗೆಣಸು ಬೇರು. ಇಷ್ಟೆಲ್ಲ ತಿಳಿದಿದ್ದ ಹುಡುಗ ‘ಆಲೂಗಡ್ಡೆ ಒಂದು ಕಾಂಡ, ಸಮರ್ಥಿಸಿ’ ಎಂಬ ಪ್ರಶ್ನೆಯನ್ನು ಹಿಂದಿನ ಕಿರುಪರೀಕ್ಷೆಯಲ್ಲಿ ಖಾಲಿ ಬಿಟ್ಟಿದ್ದ. ತಿಳಿದದ್ದನ್ನೇ ಪ್ರಶ್ನೆ ಕೇಳುತ್ತಿದೆ ಎಂಬುದು ಅವನಿಗೆ ಹೊಳೆದಿರಲಿಲ್ಲ. ಅಂದಿನಿಂದ ಒಂದು ಕ್ರಮ ಇಟ್ಟುಕೊಂಡೆ. ಪ್ರಶ್ನೆ ಓದಿದ ಕೂಡಲೇ ಪುಸ್ತಕದ ಪುಟ ಹುಡುಕಬೇಡಿ. ಇದನ್ನು ಎಲ್ಲಿ ಕಂಡಿದ್ದೀರಿ ಎಂದು ಮೊದಲು ಕೇಳಿಕೊಳ್ಳಿ. ಕಂಡದ್ದನ್ನು ನಿಮ್ಮ ಮಾತಿನಲ್ಲಿ ಹೇಳಿ. ಆಮೇಲೆ ಪುಸ್ತಕದ ಪದವನ್ನು ತಂದು ಅದಕ್ಕೆ ಸೇರಿಸಿ. ಅಂಗಮಾರಿ ರೋಗ ಬಂದು ಹೊಲಕ್ಕೆ ಹೊಲವೇ ಕರಗಿದ ವರ್ಷ ಈ ಕ್ರಮದಲ್ಲೇ ಮತ್ತೊಂದು ಪಾಠ ನಡೆಯಿತು. ಕಣ್ಣಿನಿಂದ ಬೆಳೆದ ಗಿಡಗಳೆಲ್ಲ ತಾಯಿ ಗೆಡ್ಡೆಯ ಪಡಿಯಚ್ಚು. ಅವುಗಳಲ್ಲಿ ಭಿನ್ನತೆ ಇಲ್ಲ. ಒಂದಕ್ಕೆ ತಗಲಿದ ರೋಗ ಎಲ್ಲಕ್ಕೂ ತಗಲುತ್ತದೆ. 1845ರಲ್ಲಿ ಐರ್ಲೆಂಡಿನ ಜನರನ್ನು ಕ್ಷಾಮಕ್ಕೆ ನೂಕಿದ್ದೂ ಇದೇ ರೋಗ. ಲೈಂಗಿಕ ಸಂತಾನೋತ್ಪತ್ತಿಯಿಂದ ಬರುವ ಭಿನ್ನತೆಗೆ ಯಾಕೆ ಬೆಲೆ ಎಂಬ ಪ್ರಶ್ನೆಗೆ ಅರಕಲಗೂಡಿನ ಮಕ್ಕಳು ಆ ವರ್ಷ ಬರೆದ ಉತ್ತರಗಳಲ್ಲಿ ಅವರಪ್ಪಂದಿರ ನಷ್ಟದ ತಿಳಿವಳಿಕೆ ಇತ್ತು.

ಹೊಳೆನರಸೀಪುರಕ್ಕೆ ವರ್ಗವಾಗಿ ಬಂದಾಗ ಶಾಲೆಯ ಅಂಗಳದಲ್ಲಿ ಕ್ರೋಟನ್ ಗಿಡಗಳಿದ್ದವು. ಹಸಿರು ಹಳದಿ ಮಚ್ಚೆಯ ಎಲೆ. ದ್ಯುತಿಸಂಶ್ಲೇಷಣೆಗೆ ಪತ್ರಹರಿತ್ತು ಬೇಕೆಂದು ತೋರಿಸುವ ಪ್ರಯೋಗಕ್ಕೆ ಇದಕ್ಕಿಂತ ಒಳ್ಳೆಯ ಗಿಡ ಬೇಡ. ಕುಂಡದ ಗಿಡವನ್ನು ಮೂರು ದಿನ ಕತ್ತಲ ಕೋಣೆಯಲ್ಲಿಟ್ಟು, ಆಮೇಲೆ ಆರು ಗಂಟೆ ಬಿಸಿಲಿಗೆ ಇಟ್ಟು, ಒಂದು ಎಲೆ ಕಿತ್ತು, ಅದರ ಅಂಚನ್ನು ಕಾಗದದ ಮೇಲೆ ಎಳೆದು, ಹಸಿರಿದ್ದ ಕಡೆಗೆಲ್ಲ ಗುರುತು ಹಾಕಬೇಕು. ಎಲೆಯನ್ನು ನೀರಿನಲ್ಲಿ ಕುದಿಸಿ, ಆಮೇಲೆ ಆಲ್ಕೊಹಾಲ್‌ನಲ್ಲಿ ಕುದಿಸಬೇಕು. ಆಲ್ಕೊಹಾಲ್ ಇರುವ ಬೀಕರನ್ನು ಬಿಸಿನೀರಿನ ಪಾತ್ರೆಯೊಳಗೆ ಇಟ್ಟೇ ಕಾಯಿಸಬೇಕು, ನೇರ ಉರಿಗೆ ಹಿಡಿದರೆ ಭಗ್ಗನೆ ಹೊತ್ತಿಕೊಳ್ಳುತ್ತದೆ. ಎಲೆ ಬಿಳಚಿಕೊಂಡು, ಬೀಕರಿನ ದ್ರವ ಹಸಿರಾದ ಮೇಲೆ ಎಲೆಯನ್ನು ತೊಳೆದು ಅಯೋಡಿನ್ ಹನಿಸಬೇಕು. ಮೊದಲು ಹಸಿರಿದ್ದ ಜಾಗವೆಲ್ಲ ನೀಲಿಗಪ್ಪಾಗುತ್ತದೆ, ಹಳದಿ ಇದ್ದ ಜಾಗ ಹಾಗೇ ಉಳಿಯುತ್ತದೆ. ಅಯೋಡಿನ್ನಿನ ಗುಣ ತಿಳಿಯಲೆಂದು ಮಕ್ಕಳು ಮೊದಲೇ ಬಿಸಿಯೂಟದ ಅನ್ನದ ಅಗುಳಿನ ಮೇಲೂ, ಒಬ್ಬಳು ಮನೆಯಿಂದ ತಂದ ಮುದ್ದೆಯ ಚೂರಿನ ಮೇಲೂ ಒಂದೊಂದು ಹನಿ ಬಿಟ್ಟು ನೋಡಿದ್ದರು. ಎಲೆ ಕಪ್ಪಾದಾಗ ಅವರು ಪುಸ್ತಕ ತೆರೆಯಲಿಲ್ಲ. “ಎಲೇಲೂ ಅನ್ನದಲ್ಲಿರೋದೇ ಐತೆ” ಎಂದರು. ಪಿಷ್ಟ ಎಂಬ ಪದ ಅಲ್ಲಿಂದಾಚೆಗೆ ಅವರ ಸ್ವಂತದ್ದಾಯಿತು.

ಈ ಪ್ರಯೋಗದ ಮೇಲೆ ಪರೀಕ್ಷೆಯಲ್ಲಿ ಪ್ರಶ್ನೆ ಬಂದರೆ ಹೆಚ್ಚಿನ ಮಕ್ಕಳು ಮಾಡುವ ವಿಧಾನವನ್ನು ಉದ್ದಕ್ಕೆ ಬರೆದುಬಿಡುತ್ತಾರೆ. ಪ್ರಶ್ನೆ ಕೇಳುವುದು ಬೇರೆಯದನ್ನೇ. ಕತ್ತಲಲ್ಲಿ ಇಡದೆಯೇ ಪ್ರಯೋಗ ಮಾಡಿದ್ದರೆ ಏನಾಗುತ್ತಿತ್ತು? ಮೊದಲೇ ಎಲೆಯ ಚಿತ್ರ ಏಕೆ ಬರೆದುಕೊಂಡಿರಿ? ಇಂಥವಕ್ಕೆ ಉತ್ತರ ಬೇಕಾದರೆ ಪ್ರತಿ ಹೆಜ್ಜೆಯ ಉದ್ದೇಶ ಗೊತ್ತಿರಬೇಕು. ಹಳೆಯ ಪಿಷ್ಟ ಎಲೆಯಲ್ಲಿ ಉಳಿದಿದ್ದರೆ, ಈಗ ಕಂಡ ಪಿಷ್ಟ ಇವತ್ತಿನ ಬಿಸಿಲಿನಲ್ಲಿ ಆದದ್ದು ಎಂದು ಹೇಳುವಂತಿಲ್ಲ. ಹಸಿರು ಹೋದ ಮೇಲೆ ಹಸಿರು ಎಲ್ಲಿತ್ತೆಂದು ಎಲೆಯೇ ಹೇಳಲಾರದು. ಅದಕ್ಕೆ ಮೊದಲೇ ದಾಖಲೆ ಬೇಕು. ಹೊಳೆನರಸೀಪುರದಲ್ಲಿ ನಾನು ಪ್ರತಿ ಪ್ರಯೋಗದ ಹೆಜ್ಜೆಯ ಪಕ್ಕದಲ್ಲೂ ‘ಯಾಕೆ’ ಎಂಬ ಒಂದು ಖಾಲಿ ಅಂಕಣ ಬಿಡಿಸುತ್ತಿದ್ದೆ. ಎಡಗಡೆ ಮಾಡಿದ್ದು, ಬಲಗಡೆ ಯಾಕೆ. ಬಲಗಡೆಯ ಅಂಕಣ ತುಂಬದವರ ಪುಸ್ತಕಕ್ಕೆ ಸಹಿ ಇಲ್ಲ. ಆ ಊರಿನ ಮಕ್ಕಳು ಮೊದಲು ಗೊಣಗಿದರು, ಆಮೇಲೆ ಆ ಅಂಕಣವನ್ನು ಬಹಳ ಪ್ರೀತಿಯಿಂದ ತುಂಬಿದರು. ಒಬ್ಬಳು ಹುಡುಗಿ ತನ್ನ ಅಜ್ಜಿ ಮೊಳಕೆ ಕಟ್ಟುವ ಕ್ರಮವನ್ನೇ ಹಾಗೆ ಎರಡು ಅಂಕಣ ಮಾಡಿಕೊಂಡು ಬಂದಿದ್ದಳು. ರಾತ್ರಿ ನೆನೆಹಾಕುವುದು, ನೀರು ಬಸಿಯುವುದು, ಒದ್ದೆ ಬಟ್ಟೆಯಲ್ಲಿ ಕಟ್ಟಿ ತೂಗುಹಾಕುವುದು. ನೀರು ಯಾಕೆ ಬಸಿಯಬೇಕು ಎಂಬುದರ ಎದುರು ‘ಕಾಳಿಗೂ ಉಸಿರಾಟ ಬೇಕು’ ಎಂದು ಬರೆದಿದ್ದಳು.

ಚನ್ನರಾಯಪಟ್ಟಣದಲ್ಲಿ ಹೃದಯದ ಪಾಠ. ಮಾನವನ ಹೃದಯದ ನೀಳಛೇದದ ಚಿತ್ರ ಬರೆದು ಭಾಗ ಗುರುತಿಸುವುದು ಹತ್ತನೆಯ ತರಗತಿಯ ಮಕ್ಕಳಿಗೆಲ್ಲ ಗೊತ್ತಿರುವ ಪ್ರಶ್ನೆ. ಮೆದುಳು, ನರಕೋಶ, ನೆಫ್ರಾನ್, ಹೂವಿನ ಛೇದ ಇವೂ ಅದೇ ಸಾಲಿನವು. ಕಲಿಕೆಯಲ್ಲಿ ಹಿಂದುಳಿದವರಿಗೆಂದು ನಮ್ಮಲ್ಲಿ ‘ಪಾಸಿಂಗ್ ಪ್ಯಾಕೇಜ್’ ಮಾಡುತ್ತಾರೆ; ಅದರಲ್ಲಿ ಈ ಚಿತ್ರಗಳಿಗೇ ಮೊದಲ ಜಾಗ. ಎಂಬತ್ತು ಅಂಕದ ಪತ್ರಿಕೆಯಲ್ಲಿ ಆಗ 28 ತಲುಪಬೇಕಿದ್ದ ಮಗುವಿಗೆ ಚಿತ್ರದ ಅಂಕಗಳು ದೊಡ್ಡ ಆಸರೆಯಾಗಿದ್ದವು. ಆ ಆಸರೆಯನ್ನು ನಾನೂ ಕೊಟ್ಟಿದ್ದೇನೆ, ಹೆಮ್ಮೆಯಿಂದಲೇ ಕೊಟ್ಟಿದ್ದೇನೆ. ಎಸ್ಸೆಸ್ಸೆಲ್ಸಿ ದಾಟದ ಹುಡುಗಿಗೆ ನಮ್ಮ ಹಳ್ಳಿಗಳಲ್ಲಿ ಮುಂದಿನ ದಾರಿ ಎಷ್ಟು ಬೇಗ ಮುಚ್ಚಿಹೋಗುತ್ತದೆ ಎಂಬುದನ್ನು ಕಣ್ಣಾರೆ ಕಂಡವಳು ನಾನು. ಆದರೆ ಚಿತ್ರವನ್ನು ಚಿತ್ರದಿಂದಲೇ ನಕಲು ಮಾಡಿಸಿದರೆ ಕೈ ಕಲಿಯುತ್ತದೆ, ಕಣ್ಣು ಕಲಿಯುವುದಿಲ್ಲ.

ಅದಕ್ಕೆಂದೇ ಒಂದು ಬೆಳಿಗ್ಗೆ ಮಾಂಸದಂಗಡಿಗೆ ಹೋಗಿ ಕುರಿಯ ಗುಂಡಿಗೆ ಕೇಳಿದೆ. ಮೇಲಿನ ಕೊಳವೆಗಳನ್ನು ಕತ್ತರಿಸದೆ ಹಾಗೇ ಬಿಡಬೇಕೆಂದೂ ಹೇಳಿದೆ. “ಅಡುಗೇಗಲ್ವಾ ಟೀಚರಮ್ಮ, ಪಾಠಕ್ಕಾ?” ಎಂದು ಕೇಳಿ, ಅಂಗಡಿಯವರು ಬಹಳ ನಾಜೂಕಾಗಿ ಬಿಡಿಸಿ ಕೊಟ್ಟರು. ದುಡ್ಡು ತೆಗೆದುಕೊಳ್ಳಲಿಲ್ಲ. ತರಗತಿಯಲ್ಲಿ ನೋಡಲು ಮನಸ್ಸಿಲ್ಲದವರಿಗೆ ದಾಸವಾಳ ಹೂವು, ಬ್ಲೇಡು ಕೊಟ್ಟು ಪಕ್ಕದ ಕೋಣೆಯಲ್ಲಿ ಕೂರಿಸಿದೆ. ಶಲಾಕೆ, ಅಂಡಾಶಯ, ಪರಾಗಕೋಶ ಬಿಡಿಸಿ ನೋಡುವುದೂ ಅದೇ ವಿದ್ಯೆಯೇ. ಉಳಿದವರು ಮೇಜಿನ ಸುತ್ತ ನಿಂತರು. ಗುಂಡಿಗೆಯನ್ನು ಉದ್ದಕ್ಕೆ ಸೀಳಿದೆ. ಒಬ್ಬೊಬ್ಬರೇ ಬಂದು ಎರಡೂ ಹೃತ್ಕುಕ್ಷಿಗಳ ಗೋಡೆಯನ್ನು ಹೆಬ್ಬೆರಳು ತೋರುಬೆರಳಿನ ನಡುವೆ ಹಿಡಿದು ನೋಡಿದರು. ಒಂದು ಕಡೆ ತೆಳು, ಇನ್ನೊಂದು ಕಡೆ ದಪ್ಪ. ದಪ್ಪ ಗೋಡೆ ಯಾವ ಕಡೆಯದು, ಯಾಕೆ ದಪ್ಪ? ಬಲಗಡೆಯದು ರಕ್ತವನ್ನು ಪಕ್ಕದಲ್ಲೇ ಇರುವ ಶ್ವಾಸಕೋಶಕ್ಕೆ ಕಳಿಸಿದರೆ ಸಾಕು. ಎಡಗಡೆಯದು ತಲೆಯಿಂದ ಅಂಗಾಲಿನವರೆಗೆ ನೂಕಬೇಕು. ಕವಾಟಗಳಿಗೆ ಕಟ್ಟಿದ ಸಣ್ಣ ಬಿಳಿ ಎಳೆಗಳನ್ನು ಎತ್ತಿ ತೋರಿಸಿ, ಇವು ಇಲ್ಲದಿದ್ದರೆ ರಕ್ತ ಯಾವ ಕಡೆ ಹೋಗುತ್ತಿತ್ತು ಎಂದು ಕೇಳಿದೆ. “ವಾಪಸ್” ಎಂದು ಎಲ್ಲರೂ ಒಟ್ಟಿಗೆ ಹೇಳಿದರು.

ಆ ವಾರ ಅವರು ಬರೆದ ಚಿತ್ರಗಳು ಅಷ್ಟೇನೂ ಅಂದವಾಗಿರಲಿಲ್ಲ. ಗೆರೆ ನಡುಗಿತ್ತು. ಆದರೆ ಎಡ ಹೃತ್ಕುಕ್ಷಿಯ ಗೋಡೆಯನ್ನು ದಪ್ಪ ಮಾಡದೆ ಬರೆದವರು ಒಬ್ಬರೂ ಇರಲಿಲ್ಲ. ಎದುರಿಗೆ ನಿಂತವರ ಎಡ ನಮಗೆ ಬಲಕ್ಕೆ ಬರುತ್ತದೆ ಎಂಬುದೂ ತಾನಾಗಿ ಸರಿಯಾಗಿತ್ತು. ಮೌಲ್ಯಮಾಪನ ಕೇಂದ್ರದಲ್ಲಿ ಬಂಡಲ್ ಬಿಚ್ಚಿ ಕೂತಾಗ ನಾನು ಚಿತ್ರಗಳಲ್ಲಿ ಮೊದಲು ನೋಡುತ್ತಿದ್ದದ್ದೂ ಅದನ್ನೇ. ಅಂಕ ಕೊಡುವುದು ಮಾದರಿ ಉತ್ತರದ ಪ್ರಕಾರವೇ, ಚಿತ್ರಕ್ಕಿಷ್ಟು, ಭಾಗಗಳಿಗಿಷ್ಟು. ಆದರೂ ಉತ್ತರಪತ್ರಿಕೆ ಓದಿ ಪಳಗಿದವರಿಗೆ ನಕಲು ಮಾಡಿ ಕಲಿತ ಚಿತ್ರ ಯಾವುದು, ನೋಡಿ ಕಲಿತದ್ದು ಯಾವುದು ಎಂದು ತಿಳಿಯುತ್ತದೆ. ನೋಡಿ ಕಲಿತ ಮಗುವಿನ ಗುರುತಿನ ಗೆರೆ ಸರಿಯಾಗಿ ಆ ಭಾಗಕ್ಕೇ ಹೋಗಿ ಮುಟ್ಟುತ್ತದೆ. ನಕಲು ಮಾಡಿದ್ದು ಸುಮಾರಾಗಿ ಆ ಕಡೆಗೆ ಹೋಗಿ ಗಾಳಿಯಲ್ಲಿ ನಿಲ್ಲುತ್ತದೆ.

ಸಸ್ಯವಿಜ್ಞಾನಿ ಬಿ.ಜಿ.ಎಲ್. ಸ್ವಾಮಿಯವರ ‘ಹಸುರು ಹೊನ್ನು’ ಪುಸ್ತಕವನ್ನು ನಾನು ಪ್ರತಿ ವರ್ಷ ತರಗತಿಗೆ ಒಯ್ಯುತ್ತಿದ್ದೆ. 1978ರಲ್ಲಿ ಕೇಂದ್ರ ಸಾಹಿತ್ಯ ಅಕಾಡೆಮಿ ಪ್ರಶಸ್ತಿ ಪಡೆದ ಪುಸ್ತಕ. ವಿದ್ಯಾರ್ಥಿಗಳ ಜೊತೆ ಕಾಡು ಅಲೆದ ಕಥನ, ಜೊತೆಗೆ ಗಿಡಗಳ ಚಿತ್ರಗಳು. ಸಸ್ಯವಿಜ್ಞಾನಿಗೆ ಚಿತ್ರ ಬರೆಯುವುದೆಂದರೆ ಗಿಡವನ್ನು ಇನ್ನೊಮ್ಮೆ ಸರಿಯಾಗಿ ನೋಡುವುದು. ನಮ್ಮ ಪರೀಕ್ಷೆಯ ‘ಕೌಶಲ’ದ ಅಂಕಗಳ ಹಿಂದಿರುವುದೂ ಇದೇ ಆಶಯ.

ಚನ್ನರಾಯಪಟ್ಟಣದ ಸುತ್ತ ತೆಂಗಿನ ತೋಟಗಳು. ಗರಿಗಳನ್ನು ಕಪ್ಪು ತಲೆ ಹುಳು ತಿಂದು ಸುಟ್ಟಂತೆ ಮಾಡಿದಾಗ ತೋಟಗಾರಿಕೆ ಇಲಾಖೆಯವರು ಪುಟ್ಟ ಕಣಜಗಳಂಥ ಪರೋಪಜೀವಿಗಳನ್ನು ತಂದು ಬಿಡುತ್ತಾರೆ. ಗೋನಿಯೋಜಸ್ ಎಂಬ ಆ ಜೀವಿ ಹುಳುವಿನ ಮೈಮೇಲೆ ಮೊಟ್ಟೆಯಿಡುತ್ತದೆ. ಮರಿಗಳು ಹುಳುವನ್ನೇ ತಿಂದು ಬೆಳೆಯುತ್ತವೆ. ‘ನಮ್ಮ ಪರಿಸರ’ ಪಾಠದಲ್ಲಿ ಹುಲ್ಲು, ಮಿಡತೆ, ಕಪ್ಪೆ, ಹಾವಿನ ಸರಪಳಿಯ ಜೊತೆಗೆ ನಾನು ಈ ಸರಪಳಿಯನ್ನೂ ಹಲಗೆಯ ಮೇಲೆ ಬರೆದು ಕೇಳುತ್ತಿದ್ದೆ: ಈಗ ತೋಟಕ್ಕೆ ವಿಷ ಹೊಡೆದರೆ? ಉತ್ತರ ಪುಸ್ತಕದಲ್ಲಿ ಇಲ್ಲ. ಹುಳು ಸಾಯುತ್ತದೆ ಎಂದು ಮೊದಲು ಹೇಳಿದರು. ಕಣಜವೂ ಸಾಯುತ್ತದೆ ಎಂದು ಇನ್ನೊಬ್ಬರು. ಗರಿಯೊಳಗೆ ಬಲೆ ನೇಯ್ದು ಅಡಗಿದ ಹುಳು ಉಳಿದುಕೊಂಡರೆ, ಅದನ್ನು ತಿನ್ನುವವರಿಲ್ಲದೆ ಮುಂದಿನ ಸಲ ಹೆಚ್ಚಾಗುತ್ತದೆ ಎಂದು ಮೂರನೆಯವರು. ಮೂರು ಮಾತು ಸೇರಿ ‘ಏನಾಗಬಹುದು’ ಎಂಬ ಪ್ರಶ್ನೆಗೆ ಪೂರ್ಣ ಉತ್ತರವಾಯಿತು. ತೋಟದ ಮಕ್ಕಳಿಗೆ ಹೀಗೆ ಮುಂದಿನದನ್ನು ಲೆಕ್ಕ ಹಾಕುವುದು ಹೊಸದಲ್ಲ. ಅದನ್ನು ಸರಪಳಿಯ ಕೊಂಡಿ ತಪ್ಪದಂತೆ ಬರೆದಿಡುವುದು ಹೊಸದು.

2019ರಲ್ಲಿ ಹಾಸನ ಜಿಲ್ಲೆ ಎಸ್ಸೆಸ್ಸೆಲ್ಸಿ ಫಲಿತಾಂಶದಲ್ಲಿ ರಾಜ್ಯಕ್ಕೆ ಮೊದಲ ಸ್ಥಾನ ಪಡೆಯಿತು. ಶೇಕಡಾ 89.33. ಇಡೀ ಜಿಲ್ಲೆ ಸಂಭ್ರಮಿಸಿತು, ನಾನೂ ಸಿಹಿ ಹಂಚಿದೆ. ಅದರ ಹಿಂದೆ ಸಾವಿರಾರು ಶಿಕ್ಷಕರ ಬೆಳಗಿನ, ಸಂಜೆಯ ವಿಶೇಷ ತರಗತಿಗಳ ದುಡಿಮೆ ಇತ್ತು. ಎರಡು ವರ್ಷ ಕಳೆದು ಕೊರೊನಾ ಕಾಲದ 2021ರ ಜುಲೈನಲ್ಲಿ ಪರೀಕ್ಷೆಯ ರೂಪವೇ ಬದಲಾಯಿತು. ಗಣಿತ, ವಿಜ್ಞಾನ, ಸಮಾಜವಿಜ್ಞಾನ ಮೂರೂ ಒಂದೇ ದಿನ. ಒಂದೊಂದಕ್ಕೂ 40 ಬಹು ಆಯ್ಕೆ ಪ್ರಶ್ನೆ. ಒಎಂಆರ್ ಹಾಳೆಯಲ್ಲಿ ವೃತ್ತ ತುಂಬಿದರೆ ಆಯಿತು. ಆ ಸಂಕಟದಲ್ಲಿ ಮಕ್ಕಳ ಜೀವ, ಒಂದು ವರ್ಷದ ಬದುಕು ಎರಡನ್ನೂ ಕಾಪಾಡಲು ಹಾಗೆ ಮಾಡಬೇಕಾಯಿತು, ಅದು ಸರಿಯೇ. ಆದರೆ ಆ ವರ್ಷದ ಹಾಳೆಗಳಲ್ಲಿ ಒಂದು ಹೃದಯದ ಚಿತ್ರವೂ ಇರಲಿಲ್ಲ, ಒಂದು ‘ಏಕೆಂದರೆ’ಯೂ ಇರಲಿಲ್ಲ. ಒಳ್ಳೆಯ ಬಹು ಆಯ್ಕೆ ಪ್ರಶ್ನೆಗಳು ತಿಳಿವಳಿಕೆಯನ್ನು ಅಳೆಯಬಲ್ಲವು. ಮಗು ತನ್ನ ಕೈಯಿಂದ ಒಂದು ಕಾರಣವನ್ನು ಮೊದಲಿನಿಂದ ಕೊನೆಯವರೆಗೆ ಕಟ್ಟುವುದನ್ನು ಅವು ಕಾಣಲಾರವು. ಮರುವರ್ಷ ಬರವಣಿಗೆಯ ಪರೀಕ್ಷೆ ಮರಳಿ ಬಂದಾಗ, ಎರಡು ವರ್ಷ ಪೆನ್ಸಿಲ್ ಹಿಡಿಯದ ಕೈಗಳು ಅದಕ್ಕೆ ಒಗ್ಗಿಕೊಳ್ಳಲು ಪಟ್ಟ ಕಷ್ಟವನ್ನು ನಾನು ದಿನವೂ ನೋಡಿದೆ. ಪರೀಕ್ಷೆ ಯಾವ ಕೌಶಲವನ್ನು ಕೇಳುವುದನ್ನು ಬಿಡುತ್ತದೋ ಅದನ್ನು ಕಲಿಸುವುದನ್ನು ಶಾಲೆಯೂ ಬಲುಬೇಗ ಬಿಡುತ್ತದೆ.

ಈಗ ಪತ್ರಿಕೆ ಓದಿಕೊಳ್ಳಲೆಂದೇ ಮಕ್ಕಳಿಗೆ ಹದಿನೈದು ನಿಮಿಷ ಹೆಚ್ಚು ಕೊಡುತ್ತಾರೆ. ಆ ಹದಿನೈದು ನಿಮಿಷಕ್ಕೆ ನಾನು ವರ್ಷವಿಡೀ ತಯಾರಿ ಮಾಡಿಸುತ್ತಿದ್ದೆ. ಉತ್ತರ ನೆನಪಿಗೆ ತಂದುಕೊಳ್ಳುವ ಮೊದಲು ಪ್ರತಿ ಪ್ರಶ್ನೆಯ ಪಕ್ಕದಲ್ಲೂ ಮನಸ್ಸಿನಲ್ಲೇ ಒಂದು ಗುರುತು ಹಾಕಿಕೊಳ್ಳಬೇಕು: ಇದು ಹೆಸರು ಕೇಳುತ್ತಿದೆಯೋ, ಹೋಲಿಕೆ ಕೇಳುತ್ತಿದೆಯೋ, ಕಾರಣ ಕೇಳುತ್ತಿದೆಯೋ, ಮುಂದೇನೆಂದು ಕೇಳುತ್ತಿದೆಯೋ. ಎರಡು ಅಂಕದ ಕಾರಣಕ್ಕೆ ಎರಡು ಕೊಂಡಿ ಬೇಕು, ಮೂರು ಅಂಕದ್ದಕ್ಕೆ ಮೂರು. ಇಷ್ಟನ್ನು ರೂಢಿಸಿಕೊಂಡ ಮಕ್ಕಳು ಕಾಣದ ಪ್ರಶ್ನೆಗೆ ಹೆದರಿದ್ದನ್ನು ನಾನು ನೋಡಿಲ್ಲ.

ಹೊಸದಾಗಿ ಕೆಲಸಕ್ಕೆ ಸೇರಿದ ಸಿಬಿಝಡ್ ಶಿಕ್ಷಕರು ಯಾರಾದರೂ ನನ್ನನ್ನು ಕೇಳಿದರೆ ಹೇಳುವುದು ಇಷ್ಟೇ. ಪಾಸಿಂಗ್ ಪ್ಯಾಕೇಜ್ ಮಾಡಿ, ಅದು ಬಡ ಮಕ್ಕಳಿಗೆ ಬೇಕು. ಅದರ ಪಕ್ಕದಲ್ಲೇ ಊರಿನ ಹೊಲ ತೋಟಗಳ ಒಂದು ಪಟ್ಟಿಯನ್ನೂ ಮಾಡಿಕೊಳ್ಳಿ: ಅರಕಲಗೂಡು ತಾಲ್ಲೂಕಿನ ರಾಮನಾಥಪುರದ ಕಡೆಯಾದರೆ ಹೊಗೆಸೊಪ್ಪು, ಕಾವೇರಿಯ ಮೀನು, ಹೊಳೆನರಸೀಪುರದಲ್ಲಿ ಹೇಮಾವತಿ ನಾಲೆಯ ಭತ್ತ, ಚನ್ನರಾಯಪಟ್ಟಣದಲ್ಲಿ ತೆಂಗು. ಪ್ರತಿ ಪಾಠಕ್ಕೂ ಆ ಪಟ್ಟಿಯಿಂದ ಒಂದು ವಸ್ತು ಮೇಜಿನ ಮೇಲೆ ಬರಲಿ, ಅದರ ಮೇಲೆ ‘ಯಾಕೆ’ ಎಂಬ ಒಂದು ಪ್ರಶ್ನೆ ಹುಟ್ಟಲಿ, ಅದಕ್ಕೆ ಪ್ರತಿ ಮಗುವೂ ತನ್ನ ಮಾತಿನಲ್ಲಿ ನಾಲ್ಕು ಸಾಲು ಬರೆಯಲಿ. ಪ್ರಶ್ನೆಪತ್ರಿಕೆ ತಯಾರಿಸುವವರಲ್ಲೂ ನನ್ನದೊಂದು ಕೋರಿಕೆಯಿದೆ. ನೀಲನಕ್ಷೆಯ ‘ಅನ್ವಯ’ದ ಅಂಕಣಕ್ಕೆ ನಿಜವಾಗಿಯೂ ಹೊಸ ಸನ್ನಿವೇಶದ ಪ್ರಶ್ನೆಗಳನ್ನೇ ಕೊಡಿ. ಹಳ್ಳಿಯ ಮಕ್ಕಳಿಗೆ ಅದು ಕಷ್ಟವಾದೀತೆಂದು ಹಿಂಜರಿಯಬೇಡಿ. ಕಣ್ಣಿಲ್ಲದ ಗೆಡ್ಡೆ ಮೊಳೆಯದು ಎಂದು ಬಲ್ಲ ಮಕ್ಕಳು ಅವರು. ಅವರಿಗೆ ಸರಿಯಾದ ಪ್ರಶ್ನೆ ಕೇಳುವುದು ನಾವು ಅವರಿಗೆ ತೋರಿಸಬಹುದಾದ ಗೌರವ.